ಒಂದು ಕೊಂಬು

ಗುಲಾಬಿ ತೀರಿಕೊಂಡು ಎರಡು ಮಳೆಗಾಲ ಆಯಿತು.
ಪ್ರಮಾಣಪತ್ರದಲ್ಲಿ ತೀರಿಕೊಂಡದ್ದು ಮಾತ್ರ ಗಲಾಬಿ.
‘ಗ’ದ ಬಲಕ್ಕೆ ಆತು ನಿಲ್ಲಬೇಕಿದ್ದ ಒಂದು ಕೊಂಬು,
ಯಾವುದೋ ಬೆರಳು ಅವಸರದಲ್ಲಿ ದಾಟಿಹೋದ ಕೀಲಿ.
ನನ್ನದೇ ಬೆರಳಿರಲೂಬಹುದು.
ಅದಿಲ್ಲದೆ ಅಂಚೆಯವರು ಅವಳ ಪಾಸ್‌ಬುಕ್ಕು ಮುಟ್ಟುವುದಿಲ್ಲ.
ಹದಿನಾಲ್ಕು ಸಾವಿರದ ಆರುನೂರು ರೂಪಾಯಿ
ಮೀನಿನ ವಾಸನೆ ಆರದೆ ಹಾಗೇ ಕೂತಿದೆ.

ಮಗ ಬೆಂಗ್ರೆಯಿಂದ ದೋಣಿ ದಾಟಿ, ಬಸ್ಸು ಹತ್ತಿ,
ಲಾಲ್‌ಬಾಗಿಗೆ ಬರುತ್ತಾನೆ, ಕೌಂಟರ್ ಮೂರಕ್ಕೆ.
ವಾಮನ ತಿಂಗಳಾಯ.
ಹೆಸರಿಗೆ ತಕ್ಕ ಹಾಗೆ ತಿಂಗಳಿಗೊಮ್ಮೆ.
ಏಳು ಸಲ ನಾನೇ ಹೇಳಿದ್ದೇನೆ:
ಸರ್ವರ್ ಇಲ್ಲ. ಸಾಹೇಬರಿಲ್ಲ.
ಸಾಹೇಬರಿದ್ದಾರೆ, ಸಹಿಯ ಡಾಂಗಲ್ ಮನೆಯಲ್ಲುಂಟು.
ಏಳು ಸಲವೂ ‘ಆಯ್ತು ಮೇಡಂ’ ಎಂದ,
ನನ್ನನ್ನೇ ಸಮಾಧಾನ ಮಾಡುವವನ ಹಾಗೆ.

ಎಷ್ಟು ಹಚ್ಚಿಕೊಳ್ಳಬೇಕು ಇದನ್ನು?
ಮೊದಲ ದಿನ ಪುಂಡಿ ಮುರಿಯುತ್ತ ಐರಿನ್ ಮೇಡಂ ಹೇಳಿದ್ದರು:
‘ಕೆಲಸವನ್ನು ಸೊಂಟಕ್ಕೆ ಕಟ್ಟಿಕೋ ಮಾರಾಯ್ತಿ, ಕುತ್ತಿಗೆಗೆ ಬೇಡ.
ನೀರು ಏರಿದಾಗ ಬಿಚ್ಚಿ ಈಜಲಿಕ್ಕೆ ಆಗಬೇಕು.’
ಮೂವತ್ತಮೂರು ವರ್ಷ ಹಾಗೇ ಈಜಿ ದಡ ಸೇರಿದರು,
ಒಂದು ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ.
ಅಟೆಂಡರ್ ಮೋನಪ್ಪಣ್ಣನದು ಬೇರೆ ವೇದಾಂತ:
ಸರ್ಕಾರದ ಕೆಲಸ ದೇವರ ಕೆಲಸ,
ಅಂದಮೇಲೆ ದೇವರೇ ಮಾಡಿಕೊಳ್ಳಲಿ,
ನಡುವೆ ನಾವ್ಯಾಕೆ?

ನನ್ನದು ದೇವರದ್ದೂ ಅಲ್ಲ, ಸರ್ಕಾರದ್ದೂ ಅಲ್ಲ.
ಹೊರಗುತ್ತಿಗೆ.
ಹನ್ನೊಂದು ತಿಂಗಳಿಗೊಮ್ಮೆ ಸಾಯುವುದು,
ಒಂದು ದಿನ ಬಿಟ್ಟು ಹುಟ್ಟುವುದು.
ಜನನ ಮರಣ ವಿಭಾಗದಲ್ಲೇ ಕೂತಿದ್ದರೂ
ಆ ಹುಟ್ಟುಸಾವಿಗೆ ನೋಂದಣಿ ಇಲ್ಲ.
ಏಜೆನ್ಸಿಯ ಬಿಲ್ಲಿನಲ್ಲಿ ನಾನು
ಫಿನಾಯಿಲಿಗೂ ಟೋನರಿಗೂ ನಡುವಿನ ಒಂದು ಸಾಲು.
ಈ ಸಲ ಟೆಂಡರು ಬೇರೆಯವರಿಗೆ ಆಗಿದೆ.
ಇವತ್ತು ಐದೂವರೆಗೆ ನನ್ನ ಲಾಗಿನ್ ಮುಚ್ಚುತ್ತದೆ.

ಈಗ ಮೂರೂ ಹತ್ತು. ಸೆಕೆ.
ಫ್ಯಾನೊಂದೇ ಟಪಾಲು ತಿರುವಿ ಹಾಕುತ್ತಿದೆ.
ಗಾಜಿನಾಚೆ ತಿಂಗಳಾಯ, ಎಂಟನೆಯ ಸಲ,
ಕೈಯಲ್ಲಿ ಅದೇ ಪ್ಲಾಸ್ಟಿಕ್ ತೊಟ್ಟೆ.

ಯಾಕೆ ಎದ್ದೆನೋ.
ಒಳ್ಳೆಯವಳೆಂದಲ್ಲ; ನಾಳೆ ಇಲ್ಲದವಳಿಗೆ
ಇವತ್ತಿನ ಹೆದರಿಕೆ ಇರುವುದಿಲ್ಲ, ಅಷ್ಟೇ.
ರೆಕಾರ್ಡ್ ರೂಮಿನ ಬೀಗದ ಕೈ ಕೇಳಿದೆ.
‘ನಿನಗೆಂತ, ಕೊಂಬು ಬಂದಿದೆಯಾ?’ ಎಂದ ಮೋನಪ್ಪಣ್ಣ.
ಅದನ್ನೇ ಹುಡುಕಲಿಕ್ಕೆ, ಎಂದೆ.

ದಾರ ಕಡಿದ ಕಟ್ಟುಗಳು, ಜಿರಲೆ ಮೊಟ್ಟೆ, ಸೀನು.
ಆಸ್ಪತ್ರೆಯಿಂದ ಬಂದ ನಮೂನೆಯಲ್ಲಿ
ಯಾರೋ ನರ್ಸು ನೀಲಿ ಶಾಯಿಯಲ್ಲಿ ಬರೆದ ದುಂಡಗಿನ ಗುಲಾಬಿ,
ಎಲ್ಲ ಇತ್ತು, ಮೊದಲಿನಿಂದಲೂ ಇತ್ತು.
ಜೆರಾಕ್ಸು. ಮುಚ್ಚಳಿಕೆ. ಟಿಪ್ಪಣಿ ಹಾಳೆ.
‘ಮಾನ್ಯರ ಆದೇಶಕ್ಕಾಗಿ ಮಂಡಿಸಿದೆ.’
ಮಾನ್ಯರ ವಿಡಿಯೋ ಮೀಟಿಂಗಿನ ಬಾಗಿಲಲ್ಲಿ
ಕಾಲು ಬದಲಿಸುತ್ತ ನಲವತ್ತು ನಿಮಿಷ.
ಅವರು ತಲೆ ಎತ್ತಲಿಲ್ಲ.
ಮೈಕು ಮುಚ್ಚಿದರು, ಒತ್ತಿದರು.

ಇಷ್ಟರಲ್ಲಿ ನನ್ನ ಕೌಂಟರಿನೆದುರು
ಹತ್ತೊಂಬತ್ತು ಟೋಕನ್ನು ಕಾದು ಕಾದು ವಾಪಸ್ಸು ಹೋಗಿದ್ದವು.
ಒಬ್ಬಳ ಕಂಕುಳಲ್ಲಿ ಮಗುವಿತ್ತಂತೆ,
ಕಾಪಿನಿಂದ ಬಂದದ್ದಂತೆ.
ಈ ಲೆಕ್ಕಕ್ಕೆ ಯಾವ ನಮೂನೆ?

ಐದೂ ಇಪ್ಪತ್ತೆರಡಕ್ಕೆ ಪ್ರಿಂಟರು ಕೆಮ್ಮಿತು.
ತಿಂಗಳಾಯ ಹಾಳೆಯನ್ನು ಕಣ್ಣಿಂದ ದೂರ ಹಿಡಿದ,
ಹತ್ತಿರ ಹಿಡಿದ.
‘ಸರಿ ಆಯ್ತಾ ಮೇಡಂ?’
ಬೆರಳಿಟ್ಟು ತೋರಿಸಿದೆ.
‘ಓ,’ ಎಂದ. ‘ಇಷ್ಟು ಸಣ್ಣದಾ.’
ಮತ್ತೆ ತೊಟ್ಟೆಗೆ ಕೈ ಹಾಕಿದ:
‘ಅಪ್ಪನದ್ದೊಂದು ಉಂಟು. ಅದರಲ್ಲಿ ಒಂದು ಕೊಂಬು ಜಾಸ್ತಿ.
ಈಗ ದೋಣಿಗೆ ಹೊತ್ತಾಯಿತು, ಸೋಮವಾರ ಬರ್ತೇನೆ.
ನೀವಿರ್ತೀರಲ್ಲ?’

ಬನ್ನಿ, ಎಂದೆ.

ಪರದೆ ಕಪ್ಪಾದ ಮೇಲೆ ಕೀಬೋರ್ಡಿನಡಿ ಒಂದು ಚೀಟಿ ಇಟ್ಟೆ,
ಸೋಮವಾರ ಯಾರು ಕೂರುತ್ತಾರೋ ಅವರಿಗೆ:
ತಿಂಗಳಾಯ ಬಂದರೆ ರೆಕಾರ್ಡ್ ರೂಮು, ಎಡಗಡೆ, ಮೂರನೆಯ ಕಪಾಟು.
ಸಹಿ ಹಾಕಲಿಲ್ಲ.
ಸ್ಟೇಟ್ ಬ್ಯಾಂಕಿನ ಬಸ್ಸಲ್ಲಿ ಕಂಬ ಹಿಡಿದು ನಿಂತು
ತಡವಿ ನೋಡಿಕೊಂಡೆ,
ಸೊಂಟ ಒಮ್ಮೆ,
ಕುತ್ತಿಗೆ ಒಮ್ಮೆ.